ಬೊಂತೆ, ಕೌದಿ ಮತ್ತು ಸೂಜಿಯ ಕಾಯಕ

12ನೆಯ ಶತಮಾನದ ಶರಣರ ನಾಮಾವಳಿಯನ್ನು ಒಂದೆಡೆ ಬರೆದುಕೊಂಡು ಅವಲೋಕಿಸಿದವರಿಗೆ ಒಂದು ವಿಶೇಷವು ಗೋಚರಿಸದೆ ಇರದು. ಅವರಲ್ಲಿ ಅನೇಕರ ಹೆಸರಿಗೆ ಊರಾಗಲಿ ಮನೆತನವಾಗಲಿ ಅಂಟಿಕೊಂಡಿಲ್ಲ, ಕೈಯ ಕೆಲಸ ಅಂಟಿಕೊಂಡಿದೆ. ಅದರಲ್ಲಿಯೂ ಬಟ್ಟೆಯ ಕಸುಬನ್ನು ಹಿಡಿದವರನ್ನು ಸಾಲಾಗಿ ನಿಲ್ಲಿಸಿದರೆ ಅರಳೆಯಿಂದ ಮಡಿಯವರೆಗಿನ ಸಮಸ್ತ ಹಂತಗಳೂ ಅಲ್ಲಿ ದೊರೆಯುತ್ತವೆ. ನೂಲು ತೆಗೆದವರು ಕದಿರ ರೆಮ್ಮವ್ವೆ ಮತ್ತು ಕದಿರಕಾಯಕದ ಕಾಳವ್ವೆ. ನೇಯ್ದವರು ಮುದನೂರಿನ ಜೇಡರ ದಾಸಿಮಯ್ಯ, ಅಮುಗಿದೇವಯ್ಯ, ಅಮುಗೆ ರಾಯಮ್ಮ. ಬಣ್ಣ ಕಟ್ಟಿದವನು ಶಂಕರ ದಾಸಿಮಯ್ಯ. ಹೊಲಿದವನು ಸೂಜಿಕಾಯಕದ ರಾಮಿತಂದೆ. ಒಗೆದು ಮಡಿಮಾಡಿದವನು ಮಡಿವಾಳ ಮಾಚಿದೇವ. ಇವರಲ್ಲಿ ಇಬ್ಬರು ದಾಸಿಮಯ್ಯರು ಬಸವಣ್ಣನವರಿಗಿಂತ ಒಂದು ಶತಮಾನದಷ್ಟು ಹಿಂದಿನವರೆಂಬುದು ವಿದ್ವಾಂಸರ ಅಭಿಮತ. ಆದರೂ ಸಂಪ್ರದಾಯವು ಇವರೆಲ್ಲರನ್ನೂ ಒಂದೇ ಹಾಸಿನ ಮೇಲೆ ಕುಳ್ಳಿರಿಸಿದೆ.

ಈ ಸಾಲಿನ ಕೊನೆಯಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ನೂತು, ನೇಯ್ದು, ಹೊಲಿದು, ಉಟ್ಟು, ಒಗೆದು ಹಳತಾದ ಬಟ್ಟೆ ಆಮೇಲೆ ಏನಾಗುತ್ತದೆ? ನಮ್ಮ ನಾಡಿನಲ್ಲಿ ಅದು ಬೊಂತೆಯಾಗುತ್ತದೆ, ಕೌದಿಯಾಗುತ್ತದೆ. ಮನೆಯ ಹೆಂಗಸು ಹರಿದ ಸೀರೆಗಳನ್ನು ಆಯ್ದು, ತುಂಡುಗಳನ್ನು ಹೊಂದಿಸಿ, ಮೇಲ್ಹಾಸನ್ನು ಸಿದ್ಧಪಡಿಸುತ್ತಾಳೆ. ಪದರಗಳನ್ನು ಕೂಡಿಸಿ ಅದನ್ನು ಹೊದೆಯುವ ವಸ್ತುವನ್ನಾಗಿ ಮುಗಿಸಿಕೊಡುವ ಕೈ ಬಹುವೇಳೆ ಬೇರೊಬ್ಬರದು, ಕೂಲಿ ಪಡೆಯುವವರದು. ಆ ಎರಡನೆಯ ಕೈಯ ಚರಿತ್ರೆಯನ್ನು, ವಿಶೇಷವಾಗಿ ತುಮಕೂರು, ಗುಬ್ಬಿ, ಕುಣಿಗಲುಗಳ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು, ವಿಚಾರ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಅದು ಇಂದು ಬಹುಮಟ್ಟಿಗೆ ಹೊಲಿಗೆಯಂತ್ರದ ಮೇಲೆ ಆಡುವ ಕೈ ಎಂಬುದರಿಂದ, ಅದನ್ನು ಕೈಕೆಲಸವೆಂದು ಕರೆಯಬಹುದೇ ಎಂಬ ಜಿಜ್ಞಾಸೆಯೂ ಇಲ್ಲಿ ಸೇರಿಕೊಳ್ಳುತ್ತದೆ.

ಮೊದಲು ಪದಗಳ ಮಾತು. ಸಂಸ್ಕೃತದ ಕಂಥಾ ಎಂಬುದು ಕನ್ನಡದಲ್ಲಿ ಕಂತೆ ಎಂದಾಗಿದೆ. ತೇಪೆಗಳಿಂದ ಕೂಡಿದ ಜೋಗಿಯ ಹೊದಿಕೆ ಎಂಬುದು ಅದರ ಮೂಲಾರ್ಥ. ದೇಹವನ್ನೇ ಕಂತೆಯೆಂದು ಭಾವಿಸಿ, ಸತ್ತವನನ್ನು ‘ಕಂತೆ ಒಗೆದ’ ಎಂದು ಹೇಳುವ ನುಡಿಗಟ್ಟು ಈಗಲೂ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಬಂಗಾಳದಲ್ಲಿ ಇದೇ ಪದ ಕಾಂಥಾ ಎಂಬ ರೂಪದಲ್ಲಿ ಉಳಿದು, ಹಳೆಯ ಸೀರೆಯ ಮೇಲೆ ಸಣ್ಣ ಹೊಲಿಗೆಯಿಂದ ಚಿತ್ರ ತೆಗೆಯುವ ಕಲೆಗೆ ಹೆಸರಾಗಿದೆ. ಬೊಂತೆ ಎಂಬುದು ತೆಲುಗಿನ ಬೊಂತಕ್ಕೆ ಸೋದರಪದ. ಪಾವಗಡ, ಮಧುಗಿರಿಯ ಕಡೆಯವರಿಗೆ ಇದನ್ನು ವಿವರಿಸಬೇಕಾದ ಅವಶ್ಯಕತೆಯಿಲ್ಲ. ಮರಾಠಿಯ ಗೋಧಡಿ, ಹಿಂದಿಯ ಗುದಡಿ, ಉತ್ತರ ಕರ್ನಾಟಕದ ಕೌದಿ ಇವೆಲ್ಲ ಒಂದೇ ವಸ್ತುವಿನ ನಾನಾ ನಾಮಗಳು. ಬಡವನ ಮನೆಯಲ್ಲಿ ಅದು ಹಾಸಿಗೆ, ಬಾಣಂತಿಯ ಕೋಣೆಯಲ್ಲಿ ತೊಟ್ಟಿಲ ಮೆತ್ತೆ, ಚಳಿಗಾಲದಲ್ಲಿ ಕಂಬಳಿಯ ಕೆಳಗಿನ ಮೃದುವಾದ ಒಳಹೊದಿಕೆ.

ಶರಣ ಪರಂಪರೆಯಲ್ಲಿ ಈ ವಸ್ತುವಿನಿಂದಲೇ ಹೆಸರು ಪಡೆದ ಮಹಾನುಭಾವಳೊಬ್ಬಳಿದ್ದಾಳೆ. ಕಾಶ್ಮೀರದ ಮಾಂಡವ್ಯಪುರದ ಅರಸುಮಗಳು ನಿಜದೇವಿ ಸಕಲ ವೈಭವವನ್ನೂ ಉಟ್ಟ ಬಟ್ಟೆಯನ್ನೂ ತೊರೆದು ಹೊರಟಾಗ ಶಿವನು ಅವಳಿಗೆ ಬೊಂತೆಯೊಂದನ್ನು ದಯಪಾಲಿಸಿದನೆಂದೂ, ಅದನ್ನು ಹೊದ್ದು ಕಲ್ಯಾಣಕ್ಕೆ ಬಂದವಳು ಬೊಂತಾದೇವಿ ಎನಿಸಿದಳೆಂದೂ ಪರಂಪರೆಯ ಕಥೆ ಹೇಳುತ್ತದೆ. ‘ಬಿಡಾಡಿ’ ಎಂಬ ಅಂಕಿತದಲ್ಲಿ ಅವಳ ವಚನಗಳು ದೊರೆತಿವೆ. ಕಥೆಯ ಐತಿಹಾಸಿಕತೆಯನ್ನು ಕುರಿತು ವಾದಿಸುವುದು ಇಲ್ಲಿ ಅಪ್ರಸ್ತುತ. ಆದರೆ ಕಥೆಗಾರನಿಗೆ ಪಟ್ಟೆಪೀತಾಂಬರವಾಗಲಿ ಜಿಂಕೆಯ ಚರ್ಮವಾಗಲಿ ಹೊಳೆಯದೆ ಬೊಂತೆಯೇ ಹೊಳೆಯಿತೆಂಬುದು ಗಮನಾರ್ಹ. ಬೊಂತೆ ಯಾರೊಬ್ಬರದೂ ಅಲ್ಲದ ಬಟ್ಟೆ. ಹತ್ತು ಜನರ ಮೈಮೇಲಿಂದ ಇಳಿದ ಚೂರುಗಳು ಕೂಡಿ ಹನ್ನೊಂದನೆಯವರನ್ನು ಮುಚ್ಚುವ ವಸ್ತು. ಬೊಂತೆಯನ್ನು ಹೊದ್ದವಳ ಹೆಸರು ನಮಗೆ ದೊರೆಯಿತು, ಹೊಲಿದವರ ಹೆಸರು ದೊರೆಯಲಿಲ್ಲ. ಶಿವನೇ ಕೊಟ್ಟನೆಂದ ಮೇಲೆ ಕೇಳುವುದೆಲ್ಲಿ ಬಂತು!

ರಾಮಿತಂದೆಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅವನ ಹೆಸರಿನಲ್ಲಿ ಉಳಿದಿರುವ ವಚನಸಂಪತ್ತು ಅತ್ಯಲ್ಪ. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಂಪುಟಗಳು 15 ಭಾಗಗಳಲ್ಲಿ ಪ್ರಕಟವಾದಾಗ ಇಂತಹ ಅಲ್ಪಸಂಖ್ಯೆಯ ವಚನಕಾರರೆಲ್ಲರೂ ಸಂಕೀರ್ಣ ಸಂಪುಟಗಳಲ್ಲಿ ಸೇರಿದರು. ಅವನ ಚರಿತ್ರೆಯನ್ನು ಹೇಳುವ ಸಾಧನ ಅವನ ಹೆಸರೊಂದೇ. ಆ ಹೆಸರಿನಲ್ಲಿಯಾದರೋ ‘ದರ್ಜಿ’ ಎಂಬ ಜಾತಿಸೂಚಕವಾಗಲಿ, ‘ಚಿಪ್ಪಿಗ’ ಎಂಬ ಕುಲನಾಮವಾಗಲಿ ಇಲ್ಲ. ಸೂಜಿ ಇದೆ, ಕಾಯಕವಿದೆ. ಕತ್ತರಿಯ ಹೆಸರನ್ನು ಬಿಟ್ಟು ಸೂಜಿಯ ಹೆಸರನ್ನು ಆರಿಸಿಕೊಂಡದ್ದು ಆಕಸ್ಮಿಕವಿದ್ದರೂ ಇರಬಹುದು. ಆದರೂ ಸೀಳುವ ಸಾಧನಕ್ಕಿಂತ ಕೂಡಿಸುವ ಸಾಧನವೇ ಕಸುಬಿನ ಗುರುತಾಯಿತೆಂಬುದು ನನಗಂತೂ ಮೆಚ್ಚಿಕೆಯಾದ ಸಂಗತಿ.

ಪದರಗಳನ್ನು ಒತ್ತಿ ಹೊಲಿಯುವ ವಿದ್ಯೆ ಕೇವಲ ಬಡವರ ಹಾಸಿಗೆಗೆ ಸೀಮಿತವಾಗಿತ್ತೆಂದು ಭಾವಿಸಬಾರದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಿಂದ 1522ರ ಅವಧಿಯಲ್ಲಿ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಸೈನ್ಯದ ಕುದುರೆ ಸವಾರರು ಮೆತ್ತೆಯಂತೆ ದಪ್ಪನಾಗಿ ಪದರ ಕೂಡಿಸಿ ಮಾಡಿದ ಕವಚದ ಅಂಗಿಗಳನ್ನು ಧರಿಸಿದ್ದರೆಂದು ವರ್ಣಿಸಿದ್ದಾನೆ. ಹಸಿದೊಗಲಿನ ಪದರ, ಲೋಹದ ತಗಡು, ಮೇಲೆ ಮಖಮಲ್ಲು, ಜರತಾರಿ. ಸಹಸ್ರಾರು ಸವಾರರಿಗೆ ಇಂತಹ ಅಂಗಿಗಳು ಬೇಕಾದಾಗ ಅವುಗಳನ್ನು ಮನೆಯ ಹೆಂಗಸರು ಬಿಡುವಿನ ವೇಳೆಯಲ್ಲಿ ಹೊಲಿದಿರಲಾರರು. ಕೂಲಿಗೆ ದುಡಿಯುವ ನಿಪುಣ ಸೂಜಿಗಾರರ ವರ್ಗವೇ ಇದ್ದಿರಬೇಕು. ಇದು ನನ್ನ ಊಹೆ. ಆ ಕಾಲವು ನಮ್ಮ ಸೀಮೆಗೆ ಅಪರಿಚಿತವಲ್ಲ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದ್ದು ಅದೇ ವಿಜಯನಗರದ ಯುಗದಲ್ಲಿ, ಕುಣಿಗಲು ಸೀಮೆಯ ಕಗ್ಗೆರೆ, ಎಡೆಯೂರುಗಳನ್ನು ತಮ್ಮ ತಪಸ್ಸಿನಿಂದ ಪಾವನಗೊಳಿಸಿದ ತೋಂಟದ ಸಿದ್ಧಲಿಂಗ ಯತಿಗಳೂ ಅದೇ ಯುಗದವರು.

ಇನ್ನು ಕೌದಿಯ ಕೆಲಸಕ್ಕೆ ಬರೋಣ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಗೊಂದಲಿಗ ಸಮುದಾಯದ ಹೆಂಗಸರು ಊರಿಂದೂರಿಗೆ ಹೋಗಿ ಅನ್ಯರ ಕೌದಿಗಳನ್ನು ಹೊಲಿದುಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಬಟ್ಟೆ ಮನೆಯವರದು, ಸೂಜಿ ಮತ್ತು ಶ್ರಮ ಹೊಲಿಯುವವಳದು. ಮನೆಯೊಡತಿ ಗಂಟು ಬಿಚ್ಚಿ ಹಳೆಯ ಸೀರೆ, ಧೋತರ, ಕುಪ್ಪಸ, ಮಕ್ಕಳ ಅಂಗಿಗಳನ್ನು ಅಂಗಳದಲ್ಲಿ ಸುರಿಯುತ್ತಾಳೆ. ಗಟ್ಟಿಯಾದ ಇಡಿಯ ಸೀರೆಯೊಂದು ಅಡಿಯ ಹಾಸಾಗುತ್ತದೆ. ತೀರ ಜೀರ್ಣವಾದವು ನಡುವೆ ಸೇರುತ್ತವೆ. ಬಣ್ಣ ಉಳಿದ ತುಂಡುಗಳು ಮೇಲೆ ಬರುತ್ತವೆ. ಯಾವುದು ಎಲ್ಲಿ ಬರಬೇಕೆಂದು ಹೇಳುವವಳು ಮನೆಯೊಡತಿ, ಅದು ಹಾಗೆ ನಿಲ್ಲುವುದೋ ಇಲ್ಲವೋ ಎಂದು ಹೇಳುವವಳು ಹೊಲಿಯುವವಳು. ಇವರಿಬ್ಬರ ವಾಗ್ವಾದವನ್ನು ಕೇಳಿದವರಿಗೆ ಕೌದಿಯ ಕರ್ತೃತ್ವ ಯಾರದೆಂದು ನಿರ್ಣಯಿಸುವುದು ಎಷ್ಟು ಕಠಿಣವೆಂಬುದು ಮನವರಿಕೆಯಾಗುತ್ತದೆ. ಹೊಲಿಗೆ ಸರಳವಾದುದು: ಸೂಜಿ ಮುಂದೆ ಮುಂದೆ ಮುಳುಗಿ ಏಳುತ್ತ ಸಾಗುವ ಓಟದ ಹೊಲಿಗೆ. ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ಒಳಗೆ ಬರುತ್ತ, ಕೊನೆಗೆ ನಡುಮಧ್ಯದಲ್ಲಿ ಮುಗಿಯುತ್ತದೆ. ಕೌದಿಯು ನೆಲದ ಮೇಲೆ ಹಾಸಿದಂತೆಯೇ ಇರುತ್ತದೆ, ಸರಿಯುವವಳು ಹೊಲಿಯುವವಳು. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಪ್ರಯೋಜನವಿದೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದ ಸ್ತ್ರೀಯರು ಕವಂದಿ ಎಂಬ ಹೆಸರಿನ ಹೊದಿಕೆಗಳನ್ನು ಇದೇ ಕ್ರಮದಲ್ಲಿ ಹೊಲಿಯುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಹಲವು ಸಲ ತ್ರಿಕೋಣಾಕಾರವಾಗಿ ಮಡಿಸಿ ‘ಹೂವು’ ಇಡದಿದ್ದರೆ ಕವಂದಿಯು ಬೆತ್ತಲೆಯೆಂದೇ ಅವರ ಎಣಿಕೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರಾದ ಈ ಜನರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಮರುವರ್ಷ, 2004ರಲ್ಲಿ, ಅಮೆರಿಕೆಯ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಮುಂತಾದವರ ನೆರವಿನಿಂದ ಅವರ ಕವಂದಿಗಳ ಸಹಕಾರಿ ಸಂಘಟನೆ ರೂಪುಗೊಂಡು, ಆ ಹೊದಿಕೆಗಳು ವಿದೇಶದ ವಸ್ತುಸಂಗ್ರಹಾಲಯಗಳನ್ನೂ ಸೇರಿದವು. ಮನೆಯ ಮಂದಿಗಾಗಿ ಹೊಲಿದದ್ದು ಮಾರಾಟದ ವಸ್ತುವಾದಾಗ ಅದರ ಗುಣ ಕುಂದುವುದೆಂದು ಕೆಲವರು ಆಕ್ಷೇಪಿಸುವುದುಂಟು. ಸೂಜಿ ಹಿಡಿದವಳ ಒಲೆ ಉರಿಯುವ ಪ್ರಶ್ನೆಯನ್ನು ಬದಿಗಿಟ್ಟು ಮಾಡುವ ಇಂತಹ ಆಕ್ಷೇಪಣೆಗೆ ನಾನು ಹೆಚ್ಚಿನ ಬೆಲೆ ಕೊಡಲಾರೆ.

ಈ ಸಂಚಾರಿ ಕಸುಬು ನಮ್ಮ ನಾಡಿಗಷ್ಟೇ ವಿಶಿಷ್ಟವಾದುದಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ 19ನೆಯ ಶತಮಾನದಲ್ಲಿ ಹೊದಿಕೆ ಹೊಲಿಯುವ ಸ್ತ್ರೀಯರು ಒಕ್ಕಲುಮನೆಯಿಂದ ಒಕ್ಕಲುಮನೆಗೆ ಹೋಗಿ, ಆ ಮನೆಯಲ್ಲಿಯೇ ಉಂಡು ಮಲಗಿ, ಮನೆಯವರು ಒದಗಿಸಿದ ಬಟ್ಟೆ ಮತ್ತು ಉಣ್ಣೆಯಿಂದ ವರ್ಷಕ್ಕೆ ಬೇಕಾದ ಹೊದಿಕೆಗಳನ್ನು ಮುಗಿಸಿಕೊಟ್ಟು ಮುಂದಿನ ಮನೆಗೆ ಸಾಗುತ್ತಿದ್ದರು. ಮೊದಲನೆಯ ಮಹಾಯುದ್ಧದ ನಂತರ ಆ ಸೀಮೆಯ ಕಲ್ಲಿದ್ದಲ ಗಣಿಗಳಲ್ಲಿ ಕೆಲಸ ತಪ್ಪಿ ದಾರಿದ್ರ್ಯ ಕವಿದಾಗ, 1928ರಲ್ಲಿ ಅಲ್ಲಿನ ಗ್ರಾಮೀಣ ಕೈಗಾರಿಕೆಗಳ ಸಂಸ್ಥೆಯು ಈ ಹೆಂಗಸರ ಕೆಲಸವನ್ನು ಲಂಡನ್ನಿನ ಗಿರಾಕಿಗಳಿಗೆ ತಲುಪಿಸುವ ಏರ್ಪಾಡು ಮಾಡಿತು. ಗೊಂದಲಿಗರ ಅಂಗಳಕ್ಕೂ ವೇಲ್ಸಿನ ಒಕ್ಕಲುಮನೆಗೂ ನಡುವೆ ಏಳು ಸಮುದ್ರಗಳಿದ್ದರೂ ಒಪ್ಪಂದ ಒಂದೇ: ಬಟ್ಟೆ ನಿನ್ನದು, ಹೊಲಿಗೆ ನನ್ನದು, ಕೂಲಿ ಮಾತಾಡು.

ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಇನ್ನೊಂದು ಕೈಯೂ ಸೇರಿತ್ತು. ಅರಳೆಯನ್ನು ಬಿಲ್ಲಿನಿಂದ ಹಿಂಜುವ ಪಿಂಜಾರರು, ಅಥವಾ ನದಾಫರು, ಗಾದಿ, ದಿಂಬು, ರಜಾಯಿಗಳನ್ನು ಮನೆಬಾಗಿಲಿಗೆ ಬಂದು ಸಿದ್ಧಪಡಿಸಿ ಕೊಡುತ್ತಿದ್ದರು. ಗಿರಾಕಿಯ ಹಳೆಯ ಅರಳೆಯನ್ನೇ ಮತ್ತೆ ಹಿಂಜಿ ಹಗುರಮಾಡಿ, ಗಿರಾಕಿಯ ಬಟ್ಟೆಯಲ್ಲಿಯೇ ತುಂಬಿ, ಅರಳೆ ಒಂದೆಡೆ ಸರಿದು ಗಂಟುಕಟ್ಟದಂತೆ ಉದ್ದನೆಯ ಸೂಜಿಯಿಂದ ಅಲ್ಲಲ್ಲಿ ಕುಟ್ಟಿ ಹೊಲಿಯುವುದು ಅವರ ಕೌಶಲ. ಬಿಲ್ಲಿನ ಹೆದೆಯ ಆ ಝೇಂಕಾರವನ್ನು ತುಮಕೂರಿನ ಬೀದಿಗಳಲ್ಲಿ ಕೇಳಿ ಬೆಳೆದವರು ನನ್ನ ವಯಸ್ಸಿನವರಲ್ಲಿ ಅನೇಕರಿದ್ದಾರೆ. ಬ್ರಿಟಿಷರ ಕಾಲದ ಗ್ರಂಥಗಳು ತುಮಕೂರು ಜಿಲ್ಲೆಯ ಮುಖ್ಯ ಕೈಗಾರಿಕೆಗಳೆಂದು ಒರಟು ಹತ್ತಿಬಟ್ಟೆ, ಉಣ್ಣೆಯ ಕಂಬಳಿ ಮತ್ತು ಹಗ್ಗ ಇವುಗಳನ್ನು ಹೆಸರಿಸುತ್ತವೆ. ಹಿಂಜುವವರ ಮತ್ತು ಹೊಲಿಯುವವರ ಕೆಲಸ ಉತ್ಪಾದನೆಯ ಲೆಕ್ಕಕ್ಕೆ ಸೇರಲಿಲ್ಲ. ಹೊಸ ವಸ್ತುವನ್ನು ಹುಟ್ಟಿಸಿದರೆ ಕೈಗಾರಿಕೆ, ಇದ್ದುದನ್ನು ಉಳಿಸಿಕೊಟ್ಟರೆ ಲೆಕ್ಕಕ್ಕಿಲ್ಲ ಎಂಬ ಈ ದೃಷ್ಟಿ ಸರ್ಕಾರಿ ದಫ್ತರಗಳಲ್ಲಿ ಇನ್ನೂ ಅಳಿದಿಲ್ಲ.

ಹೊಲಿಗೆಯಂತ್ರದ ಆಗಮನವು ಮೊದಲು ಕಲಹವನ್ನೇ ತಂದಿತು. ಫ್ರಾನ್ಸಿನ ತಿಮೊನಿಯೆ ಎಂಬ ದರ್ಜಿ 1830ರಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದು ಪ್ಯಾರಿಸ್ಸಿನಲ್ಲಿ ಸೈನಿಕರ ಉಡುಪು ಹೊಲಿಯುವ 80 ಯಂತ್ರಗಳನ್ನು ಹೂಡಿದಾಗ, ಹೊಟ್ಟೆಪಾಡು ಹೋಗುವುದೆಂದು ಹೆದರಿದ ದರ್ಜಿಗಳು 1831ರಲ್ಲಿ ನುಗ್ಗಿ ಅವುಗಳನ್ನು ಒಡೆದುಹಾಕಿದರು. ಅಮೆರಿಕೆಯಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹಕ್ಕುಪತ್ರ ಪಡೆದರು. ಸಿಂಗರ್ ಸಂಸ್ಥೆಯ ನಿಜವಾದ ಶೋಧನೆ ಯಂತ್ರಕ್ಕಿಂತಲೂ ಕಂತಿನ ವ್ಯಾಪಾರವೇ ಎಂದರೆ ತಪ್ಪಾಗದು. ಮುಂಗಡ ಸ್ವಲ್ಪ ಕೊಟ್ಟು ಉಳಿದುದನ್ನು ತಿಂಗಳು ತಿಂಗಳು ತೀರಿಸುವ ಏರ್ಪಾಡಿನಿಂದಾಗಿ ಬಡ ದರ್ಜಿಯೂ ಅದನ್ನು ಕೊಳ್ಳಲು ಶಕ್ತನಾದನು. 1870ರ ದಶಕದಲ್ಲಿ ಸಿಂಗರ್ ಯಂತ್ರಗಳ ವ್ಯಾಪಾರ ಭಾರತದಲ್ಲಿ ಆರಂಭವಾಯಿತು. 1930ರ ದಶಕದಲ್ಲಿ ಕಲ್ಕತ್ತೆಯ ಜೈ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರವನ್ನು ತಯಾರಿಸತೊಡಗಿತು. ಯಂತ್ರನಾಗರಿಕತೆಯ ಪರಮ ವಿಮರ್ಶಕರಾದ ಮಹಾತ್ಮಾ ಗಾಂಧಿಯವರೂ 1924ರಲ್ಲಿ ಈ ಪ್ರಶ್ನೆ ಬಂದಾಗ ಹೊಲಿಗೆಯಂತ್ರವನ್ನು ಅಪವಾದವಾಗಿ ಬದಿಗಿರಿಸಿದರು. ಅದು ಮನುಷ್ಯನ ಕೈಯನ್ನು ಕತ್ತರಿಸದೆ ಕೈಗೆ ಬಲವಾಗುವ ಯಂತ್ರವೆಂಬುದು ಅವರ ಭಾವ.

ಗುಬ್ಬಿಯಲ್ಲಿ ಸೂಜಿಯ ಕೆಲಸಕ್ಕೆ ಮತ್ತೊಂದು ಆಸರೆಯೂ ಇತ್ತು. 1884ರಲ್ಲಿ ಸ್ಥಾಪಿತವಾದ, ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ನಾಡೆಲ್ಲ ಕೀರ್ತಿಗಳಿಸಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಪರದೆ, ಜವನಿಕೆ, ರಾಜವೇಷಗಳ ಹೊಲಿಗೆ ಎಷ್ಟು ಬೇಕಾಗಿತ್ತೆಂಬುದನ್ನು ಅವರ ವೈಭವದ ‘ಕುರುಕ್ಷೇತ್ರ’ ನಾಟಕದ ವರ್ಣನೆಗಳನ್ನು ಓದಿದವರು ಊಹಿಸಬಲ್ಲರು. ಪ್ರೇಕ್ಷಕರು ಪಾತ್ರಧಾರಿಗಳ ಹೆಸರನ್ನು ಬಾಯಿಪಾಠ ಹೇಳುತ್ತಿದ್ದರು. ದುರ್ಯೋಧನನ ನಿಲುವಂಗಿಯನ್ನು ಹೊಲಿದವನನ್ನು ಯಾರೂ ಕೇಳಲಿಲ್ಲ.

ಈಗ ನಮ್ಮ ಪಟ್ಟಣಗಳಲ್ಲಿ ನಡೆಯುವ ಕೆಲಸದ ರೀತಿಯನ್ನು ನೋಡೋಣ. ತುಂಡುಗಳನ್ನು ಕೂಡಿಸಿ ಮೇಲ್ಹಾಸು ಮಾಡಿಕೊಂಡ ಗೃಹಿಣಿ ಅದನ್ನೂ ಒಳಪದರದ ಸೀರೆಗಳನ್ನೂ ಗಂಟುಕಟ್ಟಿ ಯಂತ್ರವಿಟ್ಟವರ ಬಳಿಗೆ ಒಯ್ಯುತ್ತಾಳೆ. ಯಂತ್ರವಿಟ್ಟವರು ಪೇಟೆಬೀದಿಯ ದರ್ಜಿಯಿರಬಹುದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಮನೆಯ ನಡುಮನೆಯಲ್ಲಿಯೇ ಮೋಟಾರಿನ ಯಂತ್ರ ಹಾಕಿಕೊಂಡ ಹೆಂಗಸಿರಬಹುದು. ಹೊರಗಿನವರಿಗೆ ಇದು ಹತ್ತು ನಿಮಿಷದ ಕೆಲಸವೆಂದು ತೋರುತ್ತದೆ. ವಾಸ್ತವ ಹಾಗಿಲ್ಲ. ಯಂತ್ರದ ಸೂಜಿಯ ಅಡಿಯಲ್ಲಿರುವ ಹಲ್ಲುಗಳು ಕೆಳಗಿನ ಪದರವನ್ನು ಮಾತ್ರ ಹಿಂದಕ್ಕೆ ಎಳೆಯುತ್ತವೆ. ಮೇಲಿನ ಪದರವು ಒತ್ತುಪಾದದ ಕೆಳಗೆ ಸಿಕ್ಕಿ ಹಿಂದುಳಿಯುತ್ತದೆ. ಐದಾರು ಪದರಗಳಿದ್ದರೆ ಗಜದೂರ ಸಾಗುವಷ್ಟರಲ್ಲಿ ಮೇಲಿನದು ಸುಕ್ಕುಗಟ್ಟಿ, ಕೆಳಗಿನದು ಓರೆಯಾಗಿ, ಗೃಹಿಣಿ ತಿಂಗಳುಗಟ್ಟಲೆ ಹೊಂದಿಸಿದ ಚೌಕಗಳೆಲ್ಲ ಸೊಟ್ಟಗಾಗುತ್ತವೆ. ಆದಕಾರಣ ಬಲ್ಲವರು ಮೊದಲು ಇಡೀ ಹಾಸನ್ನು ನೆಲದ ಮೇಲೆ ಬಿಗಿಯಾಗಿ ಹರಡಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಿ, ಗೇಣಿಗೊಂದರಂತೆ ಕಚ್ಚಾಹೊಲಿಗೆ ಹಾಕಿಕೊಳ್ಳುತ್ತಾರೆ. ಯಂತ್ರದ ಕೆಲಸಕ್ಕೆ ತಗಲುವ ಹೊತ್ತಿಗಿಂತ ಈ ಕೈಕೆಲಸಕ್ಕೆ ತಗಲುವ ಹೊತ್ತೇ ಹೆಚ್ಚು.

ಇನ್ನೊಂದು ಸೂಕ್ಷ್ಮವಿದೆ. ಕೈಹೊಲಿಗೆಯಲ್ಲಿ ಒಂದೇ ದಾರ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಪದರಗಳ ನಡುವೆ ಒಂದನ್ನೊಂದು ಕೊಂಡಿಹಾಕಿಕೊಳ್ಳುತ್ತವೆ. ಆದುದರಿಂದ ಯಂತ್ರದ ಹೊಲಿಗೆ ಬಲವಾದುದು. ಆದರೆ ಆ ಬಲವೇ ಹಳೆಯ ಬಟ್ಟೆಗೆ ಶತ್ರುವಾಗಬಲ್ಲದು. ಉಡುಪು ಹೊಲಿಯುವಂತೆ ಅಂಗುಲಕ್ಕೆ ಹತ್ತು ಹನ್ನೆರಡು ಹೊಲಿಗೆ ಹಾಕಿದರೆ ಜೀರ್ಣವಾದ ಸೀರೆಯ ಮೇಲೆ ಅಂಚೆಚೀಟಿಯ ಹಾಳೆಯಂತೆ ರಂಧ್ರಗಳ ಸಾಲು ಬಿದ್ದು, ಒಗೆದಾಗ ಆ ಸಾಲಿನಗುಂಟವೇ ಹರಿಯುತ್ತದೆ. ಅನುಭವಸ್ಥರು ಹೊಲಿಗೆಯ ಅಳತೆಯನ್ನು ಉದ್ದ ಮಾಡಿ, ದಾರದ ಬಿಗಿಯನ್ನು ಸಡಿಲಿಸಿ, ದಪ್ಪ ಪದರಕ್ಕೆ ಹದಿನಾರರ ಅಥವಾ ಹದಿನೆಂಟರ ಸೂಜಿಯನ್ನು ಏರಿಸುತ್ತಾರೆ. ಗುಬ್ಬಿಯಲ್ಲಿ ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಶಾಲೆಯ ಎದುರಿಗಿದ್ದ ವೃದ್ಧ ದರ್ಜಿಯೊಬ್ಬರು ಗಿರಾಕಿ ತಂದ ಪ್ರತಿಯೊಂದು ಸೀರೆಯನ್ನೂ ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳುಗಳ ನಡುವೆ ಮೆಲ್ಲನೆ ಎಳೆದು ನೋಡಿ, ‘ಇದು ಮೇಲಕ್ಕೆ ಆಗದು, ಒಳಕ್ಕೆ ಇರಲಿ’ ಎಂದು ವಿಂಗಡಿಸುತ್ತಿದ್ದರು. ಹಸ್ತಪ್ರತಿಯ ಓಲೆಗರಿಯನ್ನು ಪರೀಕ್ಷಿಸುವ ವಿದ್ವಾಂಸನ ಎಚ್ಚರ ಅದು. ಸಂತೆಗೆ ಮೂರು ಮೊಳ ನೇಯ್ದಂತೆ ಕೆಲಸ ಮುಗಿಸುವವರೂ ಉಂಟು, ಇಲ್ಲವೆನ್ನಲಾರೆ. ಅವರ ಹೊಲಿಗೆಯನ್ನು ಮೊದಲನೆಯ ಮಡಿಯೇ ಪರೀಕ್ಷಿಸುತ್ತದೆ.

ಮನೆಯ ಯಂತ್ರದ ಕಂಠಕ್ಕೂ ಸೂಜಿಗೂ ನಡುವಿನ ಎಡೆ ಗೇಣಿಗಿಂತ ಕಡಿಮೆ. ಎರಡಾಳಿನ ಕೌದಿಯನ್ನು ಸುರುಳಿ ಸುತ್ತಿ ಆ ಸಂದಿಯಲ್ಲಿ ತೂರಿಸಿ ಹೊಲಿಯುವುದು ಭುಜವನ್ನು ಮುರಿಯುವ ಕೆಲಸ. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಪರಿಹಾರವಾಗಿ ಉದ್ದತೋಳಿನ ಯಂತ್ರಗಳನ್ನು ನಿರ್ಮಿಸಿದ್ದಾರೆ. ಹತ್ತು ಹನ್ನೆರಡು ಅಡಿಯ ಚೌಕಟ್ಟಿಗೆ ಪದರಗಳನ್ನು ಬಿಗಿದು ಕಟ್ಟುತ್ತಾರೆ; ಬಟ್ಟೆ ನಿಂತಲ್ಲಿಯೇ ನಿಲ್ಲುತ್ತದೆ, ಯಂತ್ರವೇ ಹಳಿಗಳ ಮೇಲೆ ಉರುಳುತ್ತ ಅದರ ಮೇಲೆ ಸಂಚರಿಸುತ್ತದೆ. ಅಲ್ಲಿ ಅನೇಕ ಗೃಹಿಣಿಯರು ಮೇಲ್ಹಾಸನ್ನು ಮಾತ್ರ ತಾವು ಕೈಯಾರೆ ಮಾಡಿ, ಉಳಿದುದನ್ನು ಮುಗಿಸಿಕೊಡಲು ಇಂತಹ ಯಂತ್ರವುಳ್ಳ ವೃತ್ತಿಯವರಿಗೆ ಒಪ್ಪಿಸುವ ರೂಢಿಯಿದೆ. ಬಟ್ಟೆಯನ್ನು ಅಲುಗಿಸದೆ ಸೂಜಿಯೇ ಸರಿಯಬೇಕೆಂಬ ಈ ತತ್ತ್ವವನ್ನು ಗೊಂದಲಿಗರ ಹೆಂಗಸು ಅಂಗಳದಲ್ಲಿ ಕುಳಿತು ಅದೆಂದಿನಿಂದಲೋ ಅನುಸರಿಸುತ್ತಿದ್ದಳೆಂಬುದನ್ನು ವಾಚಕರು ಈಗ ಸ್ಮರಿಸಿಕೊಳ್ಳಬಹುದು. ಯಂತ್ರವು ಬಹುದೂರ ಸುತ್ತಿಬಂದು ಅವಳ ಕ್ರಮವನ್ನೇ ಹಿಡಿಯಿತು.

ಆದರೆ ಯಂತ್ರದಿಂದ ಮುಗಿಸಿದ್ದನ್ನು ಕೈಕೆಲಸವೆನ್ನಬಹುದೇ? ಅಮೆರಿಕೆಯಲ್ಲಿ ಈ ವಿವಾದ ದೀರ್ಘಕಾಲ ನಡೆಯಿತು. ಕೈಯಿಂದ ಹೊಲಿದುದಲ್ಲದೆ ಬೇರೆಯದಕ್ಕೆ ಬಹುಮಾನ ಸಲ್ಲದೆಂಬ ಭಾವನೆ ಅಲ್ಲಿನ ಪ್ರದರ್ಶನಗಳಲ್ಲಿ ಬೇರೂರಿತ್ತು. 1989ರಲ್ಲಿ ಕೆಂಟಕಿ ಸಂಸ್ಥಾನದ ಪಡೂಕಾ ನಗರದಲ್ಲಿ ನಡೆದ ರಾಷ್ಟ್ರೀಯ ಪ್ರದರ್ಶನದಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಎಂಬ ಕಲಾವಿದೆಯ, ಸೂರ್ಯಗ್ರಹಣದ ಚಿತ್ರವುಳ್ಳ, ಯಂತ್ರದಿಂದ ಹೊಲಿದ ಹೊದಿಕೆಗೆ ಅತ್ಯುತ್ತಮ ಬಹುಮಾನ ಸಂದಾಗ ಆ ಗೋಡೆ ಕುಸಿಯಿತು. ನಮ್ಮಲ್ಲಿ ಈ ವಿವಾದವನ್ನು ಬೇರೆ ನೆಲೆಯಿಂದ ನೋಡಬೇಕು. ಕಾಯಕ ಎಂಬ ಪದ ಕಾಯದಿಂದ ಬಂದುದು. ಸಾಧನ ಯಾವುದೆಂದು ಅದು ಕೇಳುವುದಿಲ್ಲ. ದಾಸಿಮಯ್ಯನ ಮಗ್ಗವೂ ರೆಮ್ಮವ್ವೆಯ ಕದಿರೂ ತಮ್ಮ ಕಾಲಕ್ಕೆ ಯಂತ್ರಗಳೇ ಆಗಿದ್ದವು. ಸೀರೆಯನ್ನು ಬೆಳಕಿಗೆ ಹಿಡಿಯುವ ಕಣ್ಣು, ದಾರದ ಬಿಗಿಯನ್ನು ತಿಳಿಯುವ ಬೆರಳು ಇರುವವರೆಗೆ ಅದನ್ನು ಕಾಯಕವಲ್ಲವೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ.

ಕೂಲಿಯ ವಿಷಯ ಮಾತ್ರ ಅಷ್ಟು ಸುಲಭವಾದುದಲ್ಲ. ಮೇಲ್ಹಾಸಿನ ಸೊಬಗನ್ನು ಮೆಚ್ಚುವವರು ಹೊಲಿಗೆಯ ಕೂಲಿಯಲ್ಲಿ ಚೌಕಾಸಿ ಮಾಡುತ್ತಾರೆ. ಹಳೆಯ ಬಟ್ಟೆಗೆ ಇಷ್ಟೊಂದು ಹಣವೇ ಎಂಬುದು ಸಾಮಾನ್ಯವಾದ ಉದ್ಗಾರ. ಕಚ್ಚಾಹೊಲಿಗೆಯ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ತುಮಕೂರಿನ ಸಮೀಪದ ಗೂಳೂರ ಸಿದ್ಧವೀರಣ್ಣೊಡೆಯನು ಸಂಕಲಿಸಿದ ‘ಶೂನ್ಯಸಂಪಾದನೆ’ಯಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಪ್ರಸಂಗವನ್ನು ಬಲ್ಲವರು ಎಲ್ಲರೂ. ಗಂಡನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ದುಡಿಯುವವರು ಅಧಿಕವನ್ನು ಆಶಿಸಬಾರದೆಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸುವುದು ವಾಡ ಕೆಯಾಗಿದೆ. ಇದನ್ನು ಮಗುಚಿ ಓದುವುದೂ ಸಾಧ್ಯ: ಸಲ್ಲಬೇಕಾದ ಅಳತೆ ಎಷ್ಟೆಂದು ಲಕ್ಕಮ್ಮನಿಗೆ ನಿಖರವಾಗಿ ಗೊತ್ತಿತ್ತು. ಅಳತೆಗಿಂತ ಹೆಚ್ಚಾದುದು ಹೇಗೆ ಅವಳಿಗೆ ಒಪ್ಪಿಗೆಯಾಗಲಿಲ್ಲವೋ ಹಾಗೆ ಕಡಿಮೆಯಾದುದನ್ನು ಕೊಡುವವನ ಧರ್ಮವೂ ಅದೇ ಅಳತೆಯಿಂದ ಪ್ರಶ್ನೆಗೊಳಗಾಗುತ್ತದೆ.

ಹೆಸರಿನ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ 18 ಸಾಂಪ್ರದಾಯಿಕ ಕಸುಬುಗಳ ಪಟ್ಟಿಯಿದೆ. ಅದರಲ್ಲಿ ದರ್ಜಿಯಿದ್ದಾನೆ, ಅಗಸನಿದ್ದಾನೆ, ಹೂಮಾಲೆ ಕಟ್ಟುವವನಿದ್ದಾನೆ. ಅರಳೆ ಹಿಂಜುವವನಿಲ್ಲ, ಕೌದಿ ಹೊಲಿಯುವವಳಿಲ್ಲ. ಆಕೆ ಬೇಕಾದರೆ ದರ್ಜಿಯ ಹೆಸರಿನ ಅಡಿಯಲ್ಲಿ ಸೇರಬೇಕು. ಸೂಜಿಯ ಹೆಸರಿನಿಂದಲೇ ಒಬ್ಬನನ್ನು ಗುರುತಿಸಿ ಎಂಟು ಶತಮಾನಗಳ ಕಾಲ ನೆನಪಿಟ್ಟ ನಾಡಿನಲ್ಲಿ ಇದು ಸೋಜಿಗವೇ ಸರಿ. ನಮ್ಮ ಮನೆಗಳಲ್ಲಿ, ಮಠಗಳ ವಸ್ತುಸಂಗ್ರಹಗಳಲ್ಲಿ ಹಳೆಯ ಕೌದಿಗಳು ದೊರೆತಾಗ ಬಟ್ಟೆ ಯಾರದೆಂಬುದರೊಡನೆ ಮುಗಿಸಿದವರು ಯಾರೆಂಬುದನ್ನೂ ವಿಚಾರಿಸಿ ಬರೆದಿಡುವ ಕೆಲಸವನ್ನು ಸಾಹಿತ್ಯದ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಕೇಳಿದರೆ ಹೇಳುವ ಮುದುಕಿಯರು ಇನ್ನೂ ಇದ್ದಾರೆ.

ಈಚಿನ ದಶಕಗಳಲ್ಲಿ ಕಸುಬಿಗೆ ಬಂದಿರುವ ತೊಡಕು ಬಟ್ಟೆಯದೇ. ಗೃಹಿಣಿಯರ ಗಂಟಿನಲ್ಲಿ ಈಗ ಹತ್ತಿಯ ಸೀರೆ ವಿರಳವಾಗಿ, ಪಾಲಿಯೆಸ್ಟರಿನ ಸೀರೆಗಳೇ ತುಂಬಿರುತ್ತವೆ. ಅವು ಬೆವರನ್ನು ಹೀರುವುದಿಲ್ಲ, ಸೂಜಿಯ ಅಡಿಯಲ್ಲಿ ಮೀನಿನಂತೆ ಜಾರುತ್ತವೆ, ಹಳತಾದಷ್ಟೂ ಮೆತ್ತಗಾಗುವ ಗುಣ ಅವಕ್ಕಿಲ್ಲ. ಕುಣಿಗಲಿನಲ್ಲಿ ಯಂತ್ರವಿಟ್ಟುಕೊಂಡಿರುವ ಹೆಂಗಸೊಬ್ಬಳು ಇದಕ್ಕೆ ತನ್ನದೇ ಕ್ರಮವನ್ನು ಕಂಡುಕೊಂಡಿದ್ದಾಳೆ: ಜಾರುವ ಸೀರೆಗಳನ್ನು ನಡುವಿನ ಪದರಕ್ಕೆ ಹಾಕಿ, ಮೈಗೆ ತಾಗುವ ಮಗ್ಗುಲಿಗೆ ಗಂಡಸರ ಹಳೆಯ ಪಂಚೆಯನ್ನು ಕೇಳಿ ತರಿಸಿಕೊಳ್ಳುತ್ತಾಳೆ. ಪಂಚೆ ತಾರದವರ ಗಂಟನ್ನು ಬಿಚ್ಚದೆ ಹಾಗೆಯೇ ಮೂಲೆಯಲ್ಲಿ ಇಟ್ಟಿರುತ್ತಾಳೆ.